ಅಪ್ಪನಿಗೆ ಡಿಮೆನ್ಷಿಯಾ ಇದೆ. 'ಅವೇ ಫ್ರಂ ಹರ್' ಸಿನಿಮಾವನ್ನು ಅಮ್ಮನಿಗೆ ತೋರಿಸಬಹುದಾ?

ಕಾರವಾರದಲ್ಲಿ ಅಪ್ಪ ಅಮ್ಮ ಇಬ್ಬರೇ ಇದ್ದಾರೆ, ಅಪ್ಪನಿಗೆ ಮರೆವಿನ ಕಾಯಿಲೆ, ಎಲ್ಲವನ್ನೂ ಅಮ್ಮ ಒಬ್ಬರೇ ನೋಡಿಕೊಳ್ಳುತ್ತಾರೆ, ನೀವು ಪುಣೆಯಲ್ಲಿ ಕೆಲಸದಲ್ಲಿದ್ದೀರಿ ಅಂತ ಬರೆದಿದ್ದೀರಿ. ಈ ಸಿನಿಮಾ ನೋಡಿದರೆ ಅಮ್ಮನಿಗೆ ಸ್ವಲ್ಪ ಧೈರ್ಯ ಬರಬಹುದಾ, ಅದರಲ್ಲಿ ತೋರಿಸಿದ್ದು ನಿಜವಾ ಅನ್ನೋದು ನಿಮ್ಮ ಪ್ರಶ್ನೆ. ಅಪ್ಪ ರಾತ್ರಿ ಎದ್ದು ಬಾಗಿಲು ತೆಗೆಯುತ್ತಾರೆ ಅಂತಲೂ ಹೇಳಿದ್ದೀರಿ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಮೊದಲು ನೀವು ನೋಡಿ. ಅಮ್ಮನಿಗೆ ಆಮೇಲೆ, ಅವರೇ ಕೇಳಿದರೆ. ಅಪ್ಪ ಪಕ್ಕದಲ್ಲಿ ಕೂತಿರುವಾಗ ಮಾತ್ರ ಹಾಕಲೇಬೇಡಿ.

ನಾನು ಶಿರಸಿಯವಳು. ನನ್ನ ಆಯಿಗೆ, ಅಂದರೆ ಅಮ್ಮನಿಗೆ, ಇದೇ ಕಾಯಿಲೆ ಇತ್ತು. ಅವಳನ್ನು ಕೊನೆಯವರೆಗೂ ನೋಡಿಕೊಂಡಿದ್ದು ಅಪ್ಪ. ಈ ಸಿನಿಮಾವನ್ನು ನಾನು ಆಯಿ ಇರುವಾಗ ಒಮ್ಮೆ ನೋಡಿದ್ದೆ. ಅವಳು ಹೋದ ಮೇಲೆ ಅಪ್ಪನ ಜೊತೆ ಕೂತು ಇನ್ನೊಮ್ಮೆ ನೋಡಿದೆ. ಹಾಗಾಗಿ ಇಲ್ಲಿ ಬರೆಯುವುದು ಸಿನಿಮಾ ವಿಮರ್ಶೆ ಅಲ್ಲ.

ಕತೆ ಇಷ್ಟು. ಕೆನಡಾದ ಹಳ್ಳಿಯೊಂದರಲ್ಲಿ ಗ್ರಾಂಟ್ ಮತ್ತು ಫಿಯೋನಾ ಅನ್ನೋ ದಂಪತಿ. ಮದುವೆಯಾಗಿ ನಲವತ್ತಕ್ಕೂ ಜಾಸ್ತಿ ವರ್ಷ ಆಗಿದೆ. ಅವನು ನಿವೃತ್ತ ಪ್ರೊಫೆಸರ್. ಅವಳಿಗೆ ಅಲ್ಝೈಮರ್, ಅಂದರೆ ಡಿಮೆನ್ಷಿಯಾದ ಒಂದು ಬಗೆ, ಶುರುವಾಗುತ್ತದೆ. ಪಾತ್ರೆ ತೊಳೆದು ಬಾಣಲೆಯನ್ನು ಫ್ರೀಜರಿನಲ್ಲಿ ಇಡುತ್ತಾಳೆ. ಹಿಮದಲ್ಲಿ ದಿನಾ ಸ್ಕೀ ಮಾಡುವ ದಾರಿಯೇ ತಪ್ಪುತ್ತದೆ. ಮೆಡೋಲೇಕ್ ಅನ್ನೋ ಆರೈಕೆ ಕೇಂದ್ರಕ್ಕೆ ಸೇರುವ ತೀರ್ಮಾನ ಅವಳದ್ದೇ, ಗಂಡನಿಗೆ ಮನಸ್ಸಿಲ್ಲ. ಅಲ್ಲಿ ಒಂದು ನಿಯಮ: ಸೇರಿದ ಮೇಲೆ ಮೂವತ್ತು ದಿನ ಮನೆಯವರು ನೋಡಲು ಬರುವ ಹಾಗಿಲ್ಲ. ತಿಂಗಳು ಕಳೆದು ಅವನು ಹೂ ಹಿಡಿದು ಹೋಗುತ್ತಾನೆ. ಅವಳು ಆಬ್ರಿ ಅನ್ನೋ ಇನ್ನೊಬ್ಬ ರೋಗಿಯ ಪಕ್ಕ ಇಸ್ಪೀಟಿನ ಮೇಜಿನ ಹತ್ತಿರ ಕೂತಿದ್ದಾಳೆ. ಗಂಡನನ್ನು ಹೊಸಬರನ್ನು ಮಾತಾಡಿಸುವಷ್ಟೇ ಮರ್ಯಾದೆಯಿಂದ ಮಾತಾಡಿಸುತ್ತಾಳೆ.

2006ರ ಸಿನಿಮಾ ಇದು. ನಿರ್ದೇಶಕಿ ಸಾರಾ ಪೋಲಿ. ಅವರ ಮೊದಲ ಪೂರ್ಣ ಪ್ರಮಾಣದ ಚಿತ್ರ, ಆಗ ಅವರಿಗೆ ಮೂವತ್ತೂ ತುಂಬಿರಲಿಲ್ಲ. ಮೂಲ ಕತೆ 2013ರಲ್ಲಿ ನೊಬೆಲ್ ಪಡೆದ ಆಲಿಸ್ ಮನ್ರೋ ಅವರದ್ದು. ಫಿಯೋನಾ ಆಗಿ ಜೂಲಿ ಕ್ರಿಸ್ಟಿ ಮಾಡಿದ್ದಾರೆ, ಆ ಪಾತ್ರಕ್ಕೆ ಆಸ್ಕರ್ ನಾಮನಿರ್ದೇಶನವೂ ಸಿಕ್ಕಿತ್ತು. ಎಲ್ಲರೂ ಅವರನ್ನೇ ಹೊಗಳುತ್ತಾರೆ. ಹೊಗಳಬೇಕಾದ್ದೇ. ಆದರೆ ನೀವು ನೋಡುವಾಗ ಕಣ್ಣು ಗ್ರಾಂಟ್ ಮೇಲಿರಲಿ. ಗಾರ್ಡನ್ ಪಿನ್ಸೆಂಟ್ ಅನ್ನೋ ನಟ. ಅವನ ಮುಖದಲ್ಲಿ ನಿಮ್ಮ ಅಮ್ಮ ಇದ್ದಾರೆ.

ನಿಜವಾ ಅಂತ ಕೇಳಿದ್ದೀರಲ್ವಾ, ಮೂರು ವಿಷಯದಲ್ಲಿ ತುಂಬಾ ನಿಜ.

ಗ್ರಾಂಟ್‌ಗೆ ಒಂದು ಅನುಮಾನ ಕಾಡುತ್ತದೆ. ಹೆಂಡತಿ ನಿಜವಾಗಿ ಮರೆತಿದ್ದಾಳಾ, ಇಲ್ಲಾ ತನ್ನ ಮೇಲಿನ ಹಳೇ ಸಿಟ್ಟಿಗೆ ನಾಟಕ ಮಾಡುತ್ತಿದ್ದಾಳಾ? ನೋಡಿಕೊಳ್ಳುವವರ ಮನಸ್ಸಿನಲ್ಲಿ ಇದು ಬಂದೇ ಬರುತ್ತದೆ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ. ಬೆಳಿಗ್ಗೆ ನೆಂಟರು ಬಂದಾಗ ಚೆಂದ ಮಾತಾಡಿದವರು, ಅವರು ಅಂಗಳ ದಾಟುವ ಮುಂಚೆ ನೀನ್ಯಾರು ಅಂತ ಕೇಳಿದರೆ ಯಾರಿಗಾದರೂ ಅನ್ನಿಸುತ್ತದೆ, ಬೇಕಂತಲೇ ಮಾಡ್ತಾರೆ ಅಂತ. ಬೇಕಂತ ಅಲ್ಲ. ಈ ಕಾಯಿಲೆಯಲ್ಲಿ ದಿನ ಒಂದೇ ಥರ ಇರುವುದಿಲ್ಲ, ಒಂದೇ ದಿನದ ಬೆಳಿಗ್ಗೆ ಸಂಜೆಯೂ ಒಂದೇ ಥರ ಇರುವುದಿಲ್ಲ. ನಿಮ್ಮ ಅಮ್ಮನಿಗೂ ಈ ಅನುಮಾನ ಬಂದಿರುತ್ತದೆ. ಹಾಗೆ ಅಂದುಕೊಂಡೆನಲ್ಲಾ ಅಂತ ಬೇಜಾರೂ ಮಾಡಿಕೊಂಡಿರುತ್ತಾರೆ. ಅವರು ಅದನ್ನು ಹೇಳಲಿಕ್ಕೆ ಆಗುವಂಥ ಒಬ್ಬರು ಬೇಕು. ಅದು ನೀವೇ ಆಗಿ.

ಎರಡನೆಯದು ಹಳೇ ನೋವು. ಗ್ರಾಂಟ್ ಹಿಂದೆ ತನ್ನ ವಿದ್ಯಾರ್ಥಿನಿಯರ ಜೊತೆ ಸಂಬಂಧ ಇಟ್ಟುಕೊಂಡಿದ್ದವನು. ಮೆಡೋಲೇಕ್‌ಗೆ ಕಾರಿನಲ್ಲಿ ಹೋಗುವಾಗ ಫಿಯೋನಾ ಅದನ್ನು ಎತ್ತುತ್ತಾಳೆ. ನಿನ್ನೆ ಮೊನ್ನೆಯದು ಅಳಿಸಿಹೋಗಿದೆ, ಆ ಕಾಲದ್ದು ಹಾಗೇ ಇದೆ. ಇದಕ್ಕೆ ಕಾರಣ ಉಂಟು. ಅಲ್ಝೈಮರ್ ಮೊದಮೊದಲು ಕೈ ಹಾಕುವ ಜಾಗಗಳಲ್ಲಿ ಮೆದುಳಿನ ಹಿಪ್ಪೊಕ್ಯಾಂಪಸ್ ಅನ್ನೋ ಭಾಗ ಒಂದು. ಹೊಸ ನೆನಪು ಕೂಡಿಡುವ ಕೆಲಸ ಅದರದ್ದು. ಹಾಗಾಗಿ ಪೆಟ್ಟಿಗೆಯಲ್ಲಿ ಮೇಲಿಟ್ಟ ಸೀರೆ ಮೊದಲು ಹೋಗುತ್ತದೆ, ತಳದಲ್ಲಿ ಮಡಚಿಟ್ಟಿದ್ದು ತುಂಬಾ ದಿನ ಉಳಿಯುತ್ತದೆ.

ನಮ್ಮ ಮನೆಯಲ್ಲಿ ಹೀಗಾಯಿತು. ಆಯಿಯ ತವರು ಯಲ್ಲಾಪುರದ ಕಡೆ. ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಅವಳಿಗೆ ತವರಿಗೆ ಹೊರಡಬೇಕು. ಎರಡು ಸೀರೆ, ಒಂದು ಬಾಚಣಿಗೆ, ಕವಳದ ಚೀಲ, ಎಲ್ಲ ಒಂದು ಪಂಚೆಯಲ್ಲಿ ಗಂಟು ಕಟ್ಟುವುದು. ಅಪ್ಪಯ್ಯ ಕಾಯ್ತಾ ಇರ್ತಾನೆ, ಬಿಡಿ ನನ್ನ, ಅಂತ ಜಗುಲಿ ಇಳಿಯುವುದು. ಶುರುವಿನಲ್ಲಿ ಅಪ್ಪ ತಿಳಿಸಿ ಹೇಳುತ್ತಿದ್ದರು. ನಿನ್ನ ಅಪ್ಪಯ್ಯ ಹೋಗಿ ಎಷ್ಟು ಕಾಲವಾಯಿತು ಮಾರಾಯ್ತಿ, ಇದೇ ನಿನ್ನ ಮನೆ, ಅಂತ. ಆಗ ಅವಳು ಅಪ್ಪಯ್ಯ ಈಗಷ್ಟೇ ಹೋದ ಹಾಗೆ ಅಳುತ್ತಿದ್ದಳು. ಆಮೇಲೆ ಅಪ್ಪ ಬೇರೆ ದಾರಿ ಹಿಡಿದರು. ಗಂಟನ್ನು ತಾವೇ ಹೊತ್ತುಕೊಂಡು ಅವಳ ಜೊತೆ ಹೊರಡುವುದು. ತೋಟದ ಸಂಕದವರೆಗೆ, ಅಂದರೆ ಕಾಲುಸೇತುವೆಯವರೆಗೆ, ನಡೆಯುವುದು. ಅಲ್ಲಿ ನಿಂತು, ಬಸ್ಸು ಹೋಗಿಬಿಡ್ತು ಕಾಣ್ತದೆ, ಇವತ್ತು ಇಲ್ಲೇ ಉಳಿರಿ, ನಾಳೆ ಬೆಳಿಗ್ಗೆ ಕಳಿಸಿಕೊಡ್ತೇವೆ ಅನ್ನುವುದು. ಅವಳು ಒಪ್ಪಿ ವಾಪಸ್ ಬರುತ್ತಿದ್ದಳು.

ಹಾಗೆ ಒಂದು ಸಂಜೆ ಸಂಕದ ಹತ್ತಿರ ನಿಂತಾಗ, ಅಪ್ಪನನ್ನು ಯಾರೋ ಒಳ್ಳೆಯ ಮನುಷ್ಯ ಅಂದುಕೊಂಡು, ಆಯಿ ತನ್ನ ಗಂಡನ ಬಗ್ಗೆ ದೂರು ಹೇಳಿದಳು. ತಂಗಿಯ ಮದುವೆ ಇತ್ತು. ನಮ್ಮ ಮನೆಯವರು ಕಳಿಸಲಿಲ್ಲ. ಅಡಕೆ ಕೊನೆ ಕೊಯ್ಲು, ಸುಲಿಯುವವರಿಗೆ ಯಾರು ಬೇಯಿಸಿ ಹಾಕ್ತಾರೆ ಅಂದರು. ಒಂದೇ ತಂಗಿ ನನಗೆ. ಇಷ್ಟು ಹೇಳಿದಳು. ನಾನು ಹಿಂದೆ ಟಾರ್ಚ್ ಹಿಡಿದು ನಿಂತಿದ್ದೆ. ಈ ಮಾತನ್ನು ನನ್ನ ಜೀವನದಲ್ಲಿ ಒಂದು ಸಲವೂ ಅವಳ ಬಾಯಿಂದ ಕೇಳಿರಲಿಲ್ಲ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು, ಅವನು ಹಾಗೆ ಮಾಡಬಾರದಿತ್ತು, ದೊಡ್ಡ ತಪ್ಪು ಅದು. ಆಯಿ ಹೌದು ಅಂತ ತಲೆ ಆಡಿಸಿದಳು.

ಫಿಯೋನಾ ಕಾರಿನಲ್ಲಿ ಮಾತಾಡುವ ದೃಶ್ಯವನ್ನು ಅಪ್ಪನ ಜೊತೆ ನೋಡುವಾಗ ನನಗೆ ಅವರ ಕಡೆ ತಿರುಗಲು ಧೈರ್ಯ ಆಗಲಿಲ್ಲ. ನಿಮ್ಮ ಅಪ್ಪ ಅಮ್ಮನ ನಡುವೆಯೂ ಇಂಥದ್ದು ಏನಾದರೂ ಇದ್ದೇ ಇರುತ್ತದೆ. ದೀರ್ಘ ದಾಂಪತ್ಯ ಅಂದಮೇಲೆ ಇಲ್ಲದೆ ಇರುತ್ತದಾ? ನಿಮ್ಮ ಮನೆಯಲ್ಲಿ ಕಾಯಿಲೆ ಅಪ್ಪನಿಗೆ. ಅಂದರೆ ಅಮ್ಮ ಮನಸ್ಸಿನಲ್ಲಿಟ್ಟುಕೊಂಡ ನೋವಿಗೆ ಉತ್ತರ ಕೊಡಬೇಕಾದವರೇ ಈಗ ಮರೆತುಬಿಟ್ಟಿದ್ದಾರೆ. ಇದಕ್ಕೇ ನಾನು ಸಿನಿಮಾವನ್ನು ನೇರ ಅಮ್ಮನ ಮುಂದೆ ಹಾಕಬೇಡಿ ಅಂದದ್ದು. ಅವರಲ್ಲಿ ಏನು ಏಳುತ್ತದೋ ನಿಮಗೆ ಗೊತ್ತಿರುವುದಿಲ್ಲ. ಏಳಬಾರದು ಅಂತಲ್ಲ. ಆ ಹೊತ್ತಿನಲ್ಲಿ ನೀವು ಪಕ್ಕದಲ್ಲಿರಬೇಕು. ಫೋನಿನಲ್ಲಿ ಲಿಂಕ್ ಕಳಿಸಿ ನೋಡು ಅನ್ನುವ ಸಿನಿಮಾ ಅಲ್ಲ ಇದು.

ಮೂರನೆಯದು ಆಬ್ರಿ. ಫಿಯೋನಾ ಅವನನ್ನು ಹಚ್ಚಿಕೊಳ್ಳುತ್ತಾಳೆ. ಆಬ್ರಿಯ ಹೆಂಡತಿ ಅವನನ್ನು ಮನೆಗೆ ಕರೆದುಕೊಂಡು ಹೋದ ಮೇಲೆ ಇವಳು ಸೊರಗುತ್ತಾಳೆ. ಆಗ ಗ್ರಾಂಟ್ ಆ ಹೆಂಗಸಿನ ಮನೆಗೇ ಹೋಗಿ, ನಿಮ್ಮ ಗಂಡನನ್ನು ಮತ್ತೆ ಅಲ್ಲಿಗೆ ಕಳಿಸಿ ಅಂತ ಕೇಳುತ್ತಾನೆ. ನಮ್ಮ ಕಡೆಯವರು ಇದನ್ನು ಕೇಳಿದರೆ ಮುಖ ತಿರುಗಿಸಬಹುದು. ಆದರೆ ಯೋಚನೆ ಮಾಡಿ. ಗಂಡನನ್ನು ಗುರುತು ಹಿಡಿಯುವ ಶಕ್ತಿ ಹೋಗಿದೆ, ಯಾರನ್ನಾದರೂ ಹಚ್ಚಿಕೊಳ್ಳುವ ಶಕ್ತಿ ಹೋಗಿಲ್ಲ. ನನ್ನ ಆಯಿ ಕಡೆಕಡೆಗೆ ಹಚ್ಚಿಕೊಂಡಿದ್ದು ಮನೆಗೆಲಸಕ್ಕೆ ಬರುತ್ತಿದ್ದ ಒಬ್ಬ ಹೆಂಗಸನ್ನು. ಅವಳು ತುತ್ತು ಕೊಟ್ಟರೆ ಮಾತ್ರ ಊಟ. ಅಪ್ಪ ಕೊಟ್ಟರೆ ಬಾಯಿ ಮುಚ್ಚುತ್ತಿದ್ದಳು. ಅಪ್ಪ ಅನ್ನಕ್ಕೆ ತಂಬುಳಿ ಕಲಸಿ ಬಟ್ಟಲನ್ನು ಅವಳ ಕೈಗೆ ಕೊಟ್ಟು, ಬಾಗಿಲಾಚೆ ನಿಂತು ನೋಡುತ್ತಿದ್ದರು. ಗ್ರಾಂಟ್ ಮಾಡಿದ್ದೂ ಅದನ್ನೇ. ನನ್ನ ಮಟ್ಟಿಗೆ ಸಿನಿಮಾದ ಜೀವ ಅಲ್ಲಿದೆ. ಅವನು ಹಿಂದೆ ಎಂಥವನೇ ಇರಲಿ, ಅವಳು ಊಟ ಮಾಡಲಿ, ನಗಲಿ, ಯಾರ ಜೊತೆಗಾದರೂ ಸರಿ ಅನ್ನೋ ಮಟ್ಟಕ್ಕೆ ಬರುತ್ತಾನೆ.

ಇನ್ನು ನಿಜ ಅಲ್ಲದ್ದು. ಸುಳ್ಳು ಅನ್ನುವುದಕ್ಕಿಂತ, ಸಿನಿಮಾ ಬಿಟ್ಟುಬಿಟ್ಟದ್ದು. ಫಿಯೋನಾ ಕೊನೆಯವರೆಗೂ ಚೆಂದ ಕಾಣುತ್ತಾಳೆ. ಬಟ್ಟೆಯಲ್ಲೇ ಆಗುವ ಒಂದ, ಎರಡ, ರಾತ್ರಿಯಿಡೀ ನಿದ್ದೆ ಇಲ್ಲದೆ ಓಡಾಟ, ಸ್ನಾನಕ್ಕೆ ಕರೆದರೆ ಹೊಡೆಯಲು ಬರುವುದು, ನನ್ನ ಬಳೆ ಕದ್ದಿದ್ದೀರಿ ಅಂತ ಮನೆಯವರ ಮೇಲೇ ಅಪವಾದ, ಇದ್ಯಾವುದೂ ಅಲ್ಲಿ ಹೆಚ್ಚು ಕಾಣುವುದಿಲ್ಲ. ಬಚ್ಚಲಲ್ಲಿ ಹಂಡೆ ನೀರು ಕಾದು ಆರಿ, ಮತ್ತೆ ಕಾಯಿಸಿ, ಮತ್ತೆ ಆರಿ, ಕೊನೆಗೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ ಮುಗಿಸುವ ದಿನಗಳೇ ಜಾಸ್ತಿ. ನಿಮ್ಮ ಅಮ್ಮ ಸಿನಿಮಾ ನೋಡಿ, ನಮ್ಮ ಮನೆ ಹೀಗಿಲ್ಲ, ನನಗೇ ನೋಡಿಕೊಳ್ಳಲು ಬರುವುದಿಲ್ಲವೇನೋ ಅಂದುಕೊಳ್ಳಬಾರದು.

ಮೆಡೋಲೇಕ್ ವಿಷಯವೂ ಹಾಗೇ. ನಮ್ಮ ಕಡೆ ಮನೆಯೇ ಎಲ್ಲ. ಮೂವತ್ತು ದಿನ ದೂರ ಇರಬೇಕು ಅನ್ನೋ ನಿಯಮ ಗ್ರಾಂಟ್‌ಗೆ ಶಿಕ್ಷೆ. ನಿಮ್ಮ ಅಮ್ಮನಿಗೆ ಒಂದು ಮಧ್ಯಾಹ್ನ ಬಿಡುವು ಸಿಕ್ಕರೆ ಸಾಕು ಅನ್ನೋ ಹಾಗಿರುತ್ತದೆ. ನ್ಯೂರಾಲಜಿಸ್ಟ್ ಬೇಕೆಂದರೆ ನಮ್ಮ ಜಿಲ್ಲೆಯವರು ಹೆಚ್ಚಾಗಿ ಮಣಿಪಾಲ, ಹುಬ್ಬಳ್ಳಿ, ಮಂಗಳೂರು ಅಂತ ಹೊರಡಬೇಕು, ಕಾರವಾರದವರಿಗೆ ಗೋವಾ ಹತ್ತಿರ. ಆ ಪ್ರಯಾಣದಲ್ಲಿ ರೋಗಿಯನ್ನು ಸಂಭಾಳಿಸುವುದೂ ಅಮ್ಮನೇ ಅಲ್ವಾ?

ಒಂದು ಮಾತು ಮನಸ್ಸು ಬಿಚ್ಚಿ ಹೇಳಬೇಕು. ಅಪ್ಪ ಆಯಿಯ ಜಡೆ ಹೆಣೆಯಲು ಕಲಿತರು, ಸೀರೆ ಬಿಟ್ಟು ನೈಟಿ ಹಾಕಿಸಲು ಕಲಿತರು, ಮದುವೆ ಮನೆಯಲ್ಲಿ ಎಲ್ಲರೆದುರು ಅವಳ ಬಾಯಿ ಒರೆಸಿದರು. ಊರೆಲ್ಲ ಹೊಗಳಿತು. ಅಂಥ ಗಂಡ ಸಿಗಬೇಕು ಅಂದರು. ಅಪ್ಪ ಆ ಹೊಗಳಿಕೆಗೆ ಅರ್ಹರೇ, ನನಗೆ ಸಂಶಯ ಇಲ್ಲ. ಆದರೆ ನಮ್ಮ ಕೇರಿಯಲ್ಲೇ ಒಬ್ಬರು ಅತ್ತೆ, ಮೈ ಸ್ವಾಧೀನ ಇಲ್ಲದ ಗಂಡನನ್ನು ವರ್ಷಗಟ್ಟಲೆ ನೋಡಿಕೊಂಡರು. ಯಾರೂ ಏನೂ ಅನ್ನಲಿಲ್ಲ. ಹೆಂಡತಿ ಮಾಡಬೇಕಾದ್ದೇ ಅಂತ ಎಲ್ಲರ ಲೆಕ್ಕ. ಹಬ್ಬಕ್ಕೆ ಯಾಕೆ ಬರಲಿಲ್ಲ ಅಂತ ಆಕ್ಷೇಪಣೆ ಬೇರೆ. ಈ ಸಿನಿಮಾದಲ್ಲೂ ನೋಡಿಕೊಳ್ಳುವವನು ಗಂಡ, ಅದಕ್ಕೇ ಅವನ ಕಷ್ಟ ನಮ್ಮ ಕಣ್ಣಿಗೆ ಬೀಳುತ್ತದೆ. ನಿಮ್ಮ ಅಮ್ಮನ ಕಷ್ಟ ಹಾಗೆ ಕಣ್ಣಿಗೆ ಬೀಳುವುದಿಲ್ಲ. ನಿಮಗೇ ಬಿದ್ದಿದೆಯಾ ಅಂತ ಕೇಳಿಕೊಳ್ಳಿ. ಪ್ರಶ್ನೆಯಲ್ಲಿ ಅಪ್ಪನ ಲಕ್ಷಣಗಳ ಬಗ್ಗೆ ಎಷ್ಟೋ ಬರೆದಿದ್ದೀರಿ, ಅಮ್ಮ ನಿದ್ದೆ ಮಾಡುತ್ತಾರಾ ಅಂತ ಬರೆದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ.

ಅಪ್ಪ ಸಿನಿಮಾ ಮುಗಿದ ಮೇಲೆ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. ಹೆಂಡತಿ ಅಲ್ಲಿ ಹೋದ ಮೇಲೆ ಆ ಮನುಷ್ಯನಿಗೆ ಊಟ ಯಾರು ಹಾಕ್ತಿದ್ರು? ನಾನು ಎರಡು ಸಲ ನೋಡಿದರೂ ಇದು ನನಗೆ ಹೊಳೆದಿರಲಿಲ್ಲ. ನೋಡಿಕೊಂಡು ಗೊತ್ತಿದ್ದವರು ನೋಡುವುದೇ ಬೇರೆ.

ಅಪ್ಪನ ಮುಂದೆ ಹಾಕಬೇಡಿ ಅಂದೆನಲ್ಲ, ಅದಕ್ಕೆ ಕಾರಣ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಲ್ಝೈಮರ್ ಇರುವವರಿಗೆ ಸಿನಿಮಾದ ದುಃಖದ ತುಣುಕುಗಳನ್ನೂ ಖುಷಿಯ ತುಣುಕುಗಳನ್ನೂ ತೋರಿಸಿದರು. ಸ್ವಲ್ಪ ಹೊತ್ತಿಗೆ ಅವರಿಗೆ ನೋಡಿದ್ದು ಹೆಚ್ಚಾಗಿ ಮರೆತೇಹೋಗಿತ್ತು. ಆದರೆ ಮನಸ್ಸಿನ ಭಾವ ಹಾಗೇ ಉಳಿದಿತ್ತು. ಕಡಿಮೆ ನೆನಪಿದ್ದವರಲ್ಲಿ ದುಃಖ ಇನ್ನೂ ಜಾಸ್ತಿ ಹೊತ್ತು ಇತ್ತು. ಅಂದರೆ ಸಿನಿಮಾ ಮರೆಯುತ್ತದೆ, ಸಂಕಟ ಉಳಿಯುತ್ತದೆ, ಯಾಕೆ ಅಂತ ಅವರಿಗೇ ತಿಳಿಯುವುದಿಲ್ಲ. ಅಪ್ಪನ ಜೊತೆ ಕೂತು ನೋಡುವುದಾದರೆ ಅವರು ಹರೆಯದಲ್ಲಿ ಇಷ್ಟಪಟ್ಟ ಹಾಡು, ಯಕ್ಷಗಾನ, ನಾಟಕ, ಅಂಥದ್ದು ಹಾಕಿ. ಅದರ ಖುಷಿಯೂ ಹಾಗೇ ಉಳಿಯುತ್ತದೆ.

ಅಮ್ಮನಿಗೆ ಇಂಗ್ಲಿಷ್ ಕಷ್ಟ ಆದರೆ ಬೇರೆ ಎರಡು ಹೇಳುತ್ತೇನೆ. ಹಿಂದಿಯ 'ತ್ರೀ ಆಫ್ ಅಸ್', 2023ರಲ್ಲಿ ಚಿತ್ರಮಂದಿರಕ್ಕೆ ಬಂತು. ಮುಂಬೈಯಲ್ಲಿರುವ ಹೆಂಗಸಿಗೆ ಮರೆವಿನ ಕಾಯಿಲೆ ಶುರುವಾಗಿದೆ. ಪೂರ್ತಿ ಮರೆಯುವ ಮುಂಚೆ ತಾನು ಬಾಲ್ಯ ಕಳೆದ ವೆಂಗುರ್ಲಾ ನೋಡಬೇಕು ಅಂತ ಗಂಡನ ಜೊತೆ ಹೋಗುತ್ತಾಳೆ, ಅಲ್ಲಿ ಹಳೇ ಗೆಳೆಯ ಸಿಗುತ್ತಾನೆ. ಶೆಫಾಲಿ ಶಾ, ಜೈದೀಪ್ ಅಹ್ಲಾವತ್ ಇದ್ದಾರೆ, ಗಂಡನಾಗಿ ಸ್ವಾನಂದ್ ಕಿರ್ಕಿರೆ. ಗೋವಾ ದಾಟಿದರೆ ಸಿಗುವ ಊರು, ಅದೇ ಕಡಲು, ಅದೇ ತೆಂಗು. ಕಾರವಾರದವರಿಗೆ ಹೊರಗಿನದ್ದು ಅನ್ನಿಸುವುದಿಲ್ಲ. ಮನಸ್ಸನ್ನು ಹಿಂಡುವುದಿಲ್ಲ, ಅಮ್ಮನಿಗೆ ಇದನ್ನೇ ಮೊದಲು ತೋರಿಸಬಹುದು. ಇನ್ನೊಂದು ನಮ್ಮದೇ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು', 2016ರದ್ದು, ಅನಂತ್ ನಾಗ್ ಅವರದ್ದು. ಅದು ಅಪ್ಪ ಮಗನ ಕತೆ, ಅದನ್ನು ನೀವು ನೋಡಿ. 'ಅಮೂರ್' ಅಂತ 2012ರ ಫ್ರೆಂಚ್ ಸಿನಿಮಾವನ್ನೂ ಯಾರಾದರೂ ಹೇಳಬಹುದು. ಲಕ್ವ ಹೊಡೆದ ಹೆಂಡತಿಯನ್ನು ಮುದಿ ಗಂಡ ನೋಡಿಕೊಳ್ಳುವ ಕತೆ, ದೊಡ್ಡ ಚಿತ್ರ. ಆದರೆ ಈಗ ಈ ಕೆಲಸದಲ್ಲೇ ಮುಳುಗಿರುವ ಅಮ್ಮನಿಗೆ ಬೇಡ. ಅದರ ಕೊನೆ ತುಂಬಾ ಕಠೋರ.

ಸಿನಿಮಾ ಬಿಟ್ಟು ಎರಡು ಮಾತು. ಅಪ್ಪನಿಗೆ ವಿಟಮಿನ್ ಬಿ12, ಥೈರಾಯ್ಡ್, ಸೋಡಿಯಂ ಪರೀಕ್ಷೆ ಆಗಿದೆಯಾ? ತಲೆಯ ಸ್ಕ್ಯಾನ್ ಆಗಿದೆಯಾ? ಇವುಗಳ ಏರುಪೇರಿನಿಂದಲೂ ಮರೆವು ಬರುತ್ತದೆ, ಬಿದ್ದು ತಲೆಗೆ ಪೆಟ್ಟಾಗಿ ನಿಧಾನ ರಕ್ತ ಕಟ್ಟಿದರೂ ಬರುತ್ತದೆ. ಇಂಥದ್ದಕ್ಕೆ ಚಿಕಿತ್ಸೆ ಇದೆ. ವಯಸ್ಸಾಯ್ತು, ಅರಳುಮರಳು ಅಂತ ಬಿಟ್ಟುಬಿಡುವವರೇ ಜಾಸ್ತಿ, ಹಾಗಾಗಿ ಹೇಳಿದೆ. ಇದ್ದಕ್ಕಿದ್ದ ಹಾಗೆ ಎರಡೇ ದಿನದಲ್ಲಿ ಗೊಂದಲ ಹೆಚ್ಚಾದರೆ ಮೂತ್ರದ ಸೋಂಕು ಇರಬಹುದು, ತಡ ಮಾಡದೆ ಡಾಕ್ಟರಿಗೆ ತೋರಿಸಿ. ಅಲ್ಝೈಮರ್ ಅಂತ ಖಚಿತ ಆದರೆ ಡೊನೆಪೆಜಿಲ್, ಮೆಮಾಂಟಿನ್ ಥರದ ಮಾತ್ರೆ ಕೊಡುತ್ತಾರೆ. ಕೆಲವರಿಗೆ ಸ್ವಲ್ಪ ಕಾಲ ಉಪಯೋಗ ಆಗುತ್ತದೆ, ಗುಣ ಮಾಡುವುದಿಲ್ಲ. 2023ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನ ಪ್ರಕಾರ ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ಅಷ್ಟು ಮನೆಗಳಲ್ಲಿ ನಿಮ್ಮ ಅಮ್ಮನ ಹಾಗೆ ಒಬ್ಬರು ಎಚ್ಚರ ಇರುತ್ತಾರೆ. ಅಮ್ಮನಿಗೆ ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಹಿರಿಯರ ಸಹಾಯವಾಣಿ 14567. ಕನ್ನಡದಲ್ಲೇ ಮಾತಾಡಬಹುದು.

ರಾತ್ರಿ ಬಾಗಿಲ ವಿಷಯ. ಅಪ್ಪ ಯಾಕೆ ಏಳುತ್ತಾರೆ ಅಂತ ಮೊದಲು ನೋಡಿ. ಬಹಳ ಸಲ ಬಚ್ಚಲಿಗೆ ಹೋಗಲು ಎದ್ದು, ದಾರಿ ತಿಳಿಯದೆ ಎದುರಿಗೆ ಸಿಕ್ಕ ಬಾಗಿಲು ತೆಗೆಯುತ್ತಾರೆ. ಬಚ್ಚಲಲ್ಲಿ ರಾತ್ರಿಯಿಡೀ ಸಣ್ಣ ದೀಪ ಉರಿಯಲಿ, ಬಾಗಿಲು ತೆರೆದೇ ಇರಲಿ. ಸಂಜೆ ಮೇಲೆ ಚಹಾ ಬೇಡ. ಹೊರಬಾಗಿಲಿಗೆ ಇನ್ನೊಂದು ಚಿಲಕ ತೀರಾ ಮೇಲೆ ಅಥವಾ ತೀರಾ ಕೆಳಗೆ ಹಾಕಿಸಿ, ದಿನಾ ಕೈ ಹೋಗುವ ಜಾಗದಲ್ಲಿ ಬೇಡ. ಬಾಗಿಲು ತೆರೆದರೆ ಸದ್ದಾಗುವ ಒಂದು ಗಂಟೆ ಕಟ್ಟಿ. ಹೊರಗಿನಿಂದ ಬೀಗ ಹಾಕಿ ಅವರೊಬ್ಬರನ್ನೇ ಬಿಟ್ಟು ಹೋಗಬೇಡಿ. ನಿಮ್ಮ ಊರಿನಲ್ಲಿ ಒಂದು ಕಡೆ ಹೆದ್ದಾರಿ, ಇನ್ನೊಂದು ಕಡೆ ಕಡಲು. ಅಕ್ಕಪಕ್ಕದವರಿಗೆ, ಹತ್ತಿರದ ರಿಕ್ಷಾ ಸ್ಟ್ಯಾಂಡಿನವರಿಗೆ, ಬೆಳಗಿನ ಜಾವ ಹಾಲು ಹಾಕುವವರಿಗೆ ಅಪ್ಪನ ವಿಷಯ ಹೇಳಿಡಿ, ಮುಚ್ಚಿಡಬೇಡಿ. ಅಂಗಿಯ ಜೇಬಿನಲ್ಲಿ ಹೆಸರು, ವಿಳಾಸ, ಫೋನ್ ನಂಬರ್ ಬರೆದ ಚೀಟಿ ಇರಲಿ. ರಾತ್ರಿ ಮಲಗುವ ಅಂಗಿಯಲ್ಲೂ ಇರಲಿ. ಅಮ್ಮನ ನಂಬರ್ ಒಂದೇ ಬರೆಯಬೇಡಿ, ಕೆಳಗೆ ನಿಮ್ಮದನ್ನೂ ಬರೆಯಿರಿ, ಫೋನನ್ನು ಸೈಲೆಂಟ್‌ಗೆ ಹಾಕಿ ಮಲಗಬೇಡಿ.